ಖಣಕ್ಕೆ ಕತ್ತರಿ ಹಾಕಿ

ಧಾರವಾಡ, ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಹೊಲಿಗೆ ಬಲ್ಲ ಹೆಣ್ಣುಮಕ್ಕಳಿರುವ ಮನೆಯೆಂದರೆ ಅಲ್ಲೊಂದು ಗಂಟು ಇದ್ದೇ ಇರುತ್ತದೆ. ಕೆಲವು ಕಡೆ ಅದು ತಗಡಿನ ಟ್ರಂಕು, ಕೆಲವು ಕಡೆ ಕಪಾಟಿನ ಮೇಲಿನ ಖಾನೆ. ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ಖಣಗಳು, ಹರಿದ ಇಳಕಲ್ ಸೀರೆಯಿಂದ ಬಿಡಿಸಿಟ್ಟ ದಡಿ, ಸೆರಗು, ಕಸೂತಿಗೆಂದು ತಂದ ರೇಷ್ಮೆ ಲಡಿ, ಆಂಕರ್ ದಾರ, ಕ್ರೋಶಾದ ಬಿಳಿ ಉಂಡೆ, ಗಾಜಿನ ಮಣಿ, ಜರಿ ಲೇಸು, ಗುಂಡಿಯ ಡಬ್ಬಿ ಎಲ್ಲವೂ ಅದರಲ್ಲಿ. ಯಾರಾದರೂ ತೆಗೆದು ನೋಡಿ ಇದನ್ನು ಹೊಲಿಯಬಾರದೇ ಎಂದು ಕೇಳಿದರೆ ಮನೆಯ ಹಿರಿಯರಿಂದ ಒಂದೇ ಮಾತು ಬರುತ್ತದೆ: "ಇರಲಿ ಬಿಡವಾ, ಮುಂದ ಒಂದು ಕಾರ್ಯಕ್ಕ ಬರ್ತದ." ಟ್ರಂಕಿನ ಮುಚ್ಚಳ ಮತ್ತೆ ಬೀಳುತ್ತದೆ. ನೋಡಿದವರು "ಎಷ್ಟ್ ಜ್ವಾಕಿ ಮಾಡ್ಯಾರ" ಎಂದು ಹೊಗಳಿ ಹೋಗುತ್ತಾರೆ.

ಆ ಹೊಗಳಿಕೆ ತಪ್ಪು ಎಂದು ಹೇಳುವುದಕ್ಕೇ ಈ ಲೇಖನ. ಒಳ್ಳೆಯ ಬಟ್ಟೆಯನ್ನೂ ಒಳ್ಳೆಯ ದಾರವನ್ನೂ ಒಳ್ಳೆಯ ಕಾಲಕ್ಕೆಂದು ಎತ್ತಿಡುವುದು ಜಾಣತನ, ಅದೇ ನೇಕಾರನಿಗೆ ಕೊಡುವ ಗೌರವ, ಅದೇ ಪರಂಪರೆಯ ರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಕೂತಿದೆ. ಕಡುಬಡವರ ಮನೆಯಲ್ಲೂ ಇದೆ, ಕೈಮಗ್ಗದ ಬಗ್ಗೆ ಭಾಷಣ ಮಾಡುವವರ ಮನೆಯಲ್ಲೂ ಇದೆ. ನನ್ನ ಮಟ್ಟಿಗೆ ಈ ನಂಬಿಕೆಯಷ್ಟು ಮೌನವಾಗಿ ನಮ್ಮ ಸೂಜಿ ಕೆಲಸವನ್ನು ಕೊಂದದ್ದು ಬೇರೊಂದಿಲ್ಲ. ಮಿಲ್ಲಿನ ಬಟ್ಟೆಯನ್ನು ಬೈಯುತ್ತೇವೆ, ಪವರ್‌ಲೂಮನ್ನು ಬೈಯುತ್ತೇವೆ, ಹೊಸ ಕಾಲದ ಹುಡುಗಿಯರನ್ನು ಬೈಯುತ್ತೇವೆ. ನಮ್ಮದೇ ಮನೆಯ ಟ್ರಂಕಿನ ಬೀಗದ ಮಾತನ್ನು ಯಾರೂ ಎತ್ತುವುದಿಲ್ಲ.

ಈ ರೂಢಿ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯದ್ದೇನಲ್ಲ. ಬಟ್ಟೆ ನಿಜಕ್ಕೂ ದುರ್ಲಭವಾಗಿದ್ದ ಕಾಲವೊಂದಿತ್ತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಸರ್ಕಾರ ನಿಯಂತ್ರಣ ಆದೇಶ ತಂದಿತು. ಬಟ್ಟೆಗೂ ರೇಷನ್ ಬಂತು. ಸೀರೆಯೊಂದಕ್ಕಾಗಿ ಸರದಿಯಲ್ಲಿ ನಿಂತ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ತುಂಡು ಬಟ್ಟೆಯನ್ನೂ ಬಿಸಾಡಬೇಡ ಎಂದು ಕಲಿಸಿದ್ದರಲ್ಲಿ ತಪ್ಪೇನಿದೆ? ಆದರೆ ಅವರು ಕಲಿಸಿದ್ದನ್ನು ನಾವು ಅರ್ಧವೇ ಕಲಿತೆವು. ಆ ತಲೆಮಾರಿನ ಹೆಂಗಸು ತುಂಡನ್ನು ಇಟ್ಟುಕೊಳ್ಳುತ್ತಿದ್ದದ್ದು ಹೊಲಿಯುವುದಕ್ಕೆ. ಧೋತರದ ಹರಿದ ಭಾಗ ಹೋಗಿ ಉಳಿದದ್ದು ಕೂಸಿನ ಕೆಳಗೆ ಹಾಸುವ ಬಟ್ಟೆಯಾಗುತ್ತಿತ್ತು, ಸೀರೆ ಕೌದಿಯ ಹೊದಿಕೆಯಾಗುತ್ತಿತ್ತು, ದಡಿ ಚೀಲದ ಹಿಡಿಕೆಯಾಗುತ್ತಿತ್ತು, ಕೊನೆಗೆ ಉಳಿದದ್ದು ಮಸಿಬಟ್ಟೆ. ಬಟ್ಟೆ ಆ ಮನೆಯಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾವು ಆ ಓಟವನ್ನು ನಿಲ್ಲಿಸಿ ಇಡುವುದನ್ನಷ್ಟೇ ಉಳಿಸಿಕೊಂಡೆವು, ಅದಕ್ಕೆ ಮಿತವ್ಯಯ ಎಂದು ಹೆಸರನ್ನೂ ಕೊಟ್ಟೆವು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಇದಕ್ಕೆ ಆಧಾರವಾಗಿ ಹೇಳುವವರಿದ್ದಾರೆ. ರೈತ ತೆನೆ ಕೂಡಿಸುವುದು ಉಣ್ಣುವುದಕ್ಕೆ ಮತ್ತು ಬಿತ್ತುವುದಕ್ಕೆ. ಉಣ್ಣದೆ ಬಿತ್ತದೆ ಹಗೇವಿನಲ್ಲೇ ಬಿಟ್ಟ ಕಾಳು ಹುಳುವಿನ ಪಾಲು.

ಹುಳುವಿನ ಮಾತು ಬಂದದ್ದರಿಂದ ಮೊದಲು ಆ ಲೆಕ್ಕವನ್ನೇ ನೋಡೋಣ. ಟ್ರಂಕಿನಲ್ಲಿಟ್ಟರೆ ಬಟ್ಟೆ ಉಳಿಯುತ್ತದೆ ಎಂಬುದೇ ಈ ನಂಬಿಕೆಯ ಬುಡ. ಆ ಬುಡವೇ ಟೊಳ್ಳು.

ರೇಷ್ಮೆಯನ್ನು ತೆಗೆದುಕೊಳ್ಳಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಎಳೆಗಳು ಅಲ್ಲಿ ಬಾಗಿ ಬಾಗಿ ದಣಿದಿರುತ್ತವೆ. ಮೇಲೊಂದು ಸೀರೆಯ ಭಾರ, ಅದರ ಮೇಲೆ ಇನ್ನೊಂದರ ಭಾರ. ಬಟ್ಟೆಯನ್ನು ಸಂರಕ್ಷಿಸುವುದೇ ಕಸುಬಾದವರು ಹಳೆಯ ರೇಷ್ಮೆಯನ್ನು ಮಡಚುವುದಿಲ್ಲ, ಕೊಳವೆಗೆ ಸುತ್ತಿಡುತ್ತಾರೆ. ಮಡಚಲೇಬೇಕಾದರೆ ಆಗಾಗ ತೆಗೆದು ಮಡಿಕೆ ಬದಲಿಸುತ್ತಾರೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ? ಇನ್ನು ಜರಿ. ನಿಜವಾದ ಜರಿಯೆಂದರೆ ರೇಷ್ಮೆ ಎಳೆಯ ಮೇಲೆ ಸುತ್ತಿದ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ದಡಿಯ ಸುರುಳಿಗೆ ನಾವು ಹಾಕಿಡುವ ರಬ್ಬರ್ ಬ್ಯಾಂಡಿನಲ್ಲೇ ಆ ಗಂಧಕವಿದೆ. ಬ್ಯಾಂಡು ತಾನೂ ಅಂಟಂಟಾಗಿ ಕರಗಿ, ತಾನು ಕಟ್ಟಿದ ಜರಿಯ ಮೇಲೆ ಕಪ್ಪು ಗೆರೆ ಬಿಟ್ಟು ಹೋಗುತ್ತದೆ.

ಬಟ್ಟೆಯ ಕೆಳಗೆ ಹಾಸುವ ಹಳೆಯ ಪತ್ರಿಕೆಯ ಕಾಗದ ವರ್ಷ ಕಳೆದಂತೆ ಆಮ್ಲೀಯವಾಗುತ್ತದೆ. ಕಾಗದ ಹಳದಿಯಾದದ್ದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ತಾಗಿದ ಹತ್ತಿಯ ಬಲ ಕುಂದಿದ್ದು ಕಾಣುವುದಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿ ಇಟ್ಟರೆ ಬೆಳ್ಳಿಮೀನು ಹುಳುವಿಗೆ ಅದೇ ಊಟ. ತಗಡಿನ ಟ್ರಂಕಿನ ಮೂಲೆಯಲ್ಲಿ ಮಳೆಗಾಲದ ಥಂಡಿಗೆ ತುಕ್ಕು ಏಳುತ್ತದೆ, ತುಕ್ಕಿನ ಕಲೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಇಲಾಸ್ಟಿಕ್ ಬಳಸದಿದ್ದರೂ ಸಾಯುತ್ತದೆ, ಎಳೆದರೆ ಪುಡಿಪುಡಿ. ಫ್ಯಾಬ್ರಿಕ್ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಹತ್ತಾರು ವರ್ಷ ಇಟ್ಟ ಹತ್ತಿದಾರದ ಉಂಡೆಯಿಂದ ಒಂದು ಮೊಳ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಗಟ್ಟಿ ದಾರ ಕೈಯನ್ನು ಕತ್ತರಿಸುವಂತೆ ತಡೆಯುತ್ತದೆ. ಕೆಟ್ಟ ದಾರ ಸದ್ದಿಲ್ಲದೆ ಬಿಟ್ಟುಕೊಡುತ್ತದೆ.

ಡಾಂಬರು ಗುಳಿಗೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಬಟ್ಟೆಗಿಂತ ದೊಡ್ಡ ಅಪಾಯವಿದೆ. ನಮ್ಮ ಕಡೆ ಕೂಸು ಹುಟ್ಟಿದಾಗ ಖಣದ ಕುಂಚಿಗೆ ಹೊಲಿಯುವುದು ಪದ್ಧತಿ. ಎತ್ತಿಟ್ಟ ಖಣ ಹೊರಬರುವ ಅಪರೂಪದ ಸಂದರ್ಭ ಅದೊಂದು. ನ್ಯಾಫ್ತಲೀನ್ ಗುಳಿಗೆಯ ಜೊತೆ ವರ್ಷಗಟ್ಟಲೆ ಬಿದ್ದಿದ್ದ ಬಟ್ಟೆಯನ್ನು ಒಗೆಯದೆ, ಗಾಳಿಗೆ ಹಾಕದೆ, ನೇರವಾಗಿ ಕೂಸಿನ ತಲೆಗೆ ಕಟ್ಟುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯ ಆವಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ವಿಪರೀತಕ್ಕೆ ಹೋಗಬಹುದು. ಮಕ್ಕಳ ವೈದ್ಯರಿಗೆ ಇದು ಹಳೆಯ ಪಾಠ. ಮನೆಗಳಿಗೆ ಇನ್ನೂ ಮುಟ್ಟಿಲ್ಲ. ಯಾವ ಬಟ್ಟೆಯನ್ನು ಮುಂದಿನ ಪೀಳಿಗೆಗೆಂದು ಕಾಯುತ್ತೇವೋ ಅದೇ ಬಟ್ಟೆ ಆ ಪೀಳಿಗೆಯ ಕೂಸಿಗೆ ಕೇಡು ತರುವಂತೆ ಕಾಯುವುದನ್ನು ಜೋಪಾನ ಎಂದು ನಾನು ಒಪ್ಪಲಾರೆ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ಹಾಗಾದರೆ ಸರಿಯಾಗಿ ಇಡೋಣ, ಮಲ್ಲಿನಲ್ಲಿ ಸುತ್ತೋಣ, ಸುರುಳಿ ಮಾಡೋಣ. ಇಡುವ ವಿಧಾನ ಸುಧಾರಿಸಿದರೆ ನನ್ನ ತಕರಾರು ಮುಗಿಯುವುದಿಲ್ಲ. ಹುಳು ಹಿಡಿಯದೆ ಉಳಿದ ಖಣಕ್ಕೂ ಆಗಬೇಕಾದ್ದು ಆಗಿಲ್ಲ ಎಂಬುದೇ ಮುಖ್ಯ ಮಾತು.

ಖಣ ಎಂಬುದು ಏನು ಎಂದು ನೆನಪಿಸಿಕೊಳ್ಳಿ. ಅದು ಥಾನಿನಿಂದ ಹರಿದ ಯಾವುದೋ ತುಂಡಲ್ಲ. ಕುಪ್ಪಸಕ್ಕೆಂದೇ ಕಡಿಮೆ ಅಗಲದಲ್ಲಿ ನೇಯ್ದ ಬಟ್ಟೆ. ಎರಡೂ ಬದಿಗೆ ದಡಿ, ನಡುವೆ ಹಾಸಿನ ಹೆಚ್ಚುವರಿ ಎಳೆಗಳಿಂದ ಎದ್ದ ಸಣ್ಣ ಸಣ್ಣ ಚಿತ್ತಾರ. ತೋಳಿನ ಅಂಚಿಗೆ ದಡಿ ಬರುವಂತೆ ಸಿಂಪಿಗ ಕತ್ತರಿಸುತ್ತಾನೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಗುಳೇದಗುಡ್ಡದ ನೇಕಾರ ಹಾಸು ಹೂಡುತ್ತಾನೆ. ಅಂದರೆ ಮಗ್ಗದಿಂದ ಇಳಿದಾಗ ಅವನ ಕೆಲಸ ಮುಗಿಯಿತು, ಬಟ್ಟೆಯ ಕೆಲಸ ಮುಗಿದಿಲ್ಲ. ಅದು ಸಿಂಪಿಗನ ಕತ್ತರಿಯನ್ನು, ಹೊಲಿಗೆಯನ್ನು, ಒಂದು ಮೈಯನ್ನು ಕಾಯುತ್ತಿದೆ. ತ್ರಿಕೋನವಾಗಿ ಮಡಚಿ ಉಡಿಗೆ ಹಾಕಿದ ಖಣವನ್ನು ಹಾಗೆಯೇ ಒಳಗಿಟ್ಟರೆ ನೇಕಾರನ ಮಾತನ್ನು ಅರ್ಧಕ್ಕೆ ತಡೆದಂತೆ. ಕತ್ತರಿ ಹಾಕಿದರೆ ಅವನ ಕೆಲಸಕ್ಕೆ ಅವಮಾನ ಎನ್ನುವವರು ಆ ಬಟ್ಟೆಯನ್ನು ಸರಿಯಾಗಿ ನೋಡಿಯೇ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಹೊಲಿಯದ ಖಣ ಟ್ರಂಕಿನಲ್ಲಿ ಕೂತರೂ ಒಂದು ಮಟ್ಟಿಗೆ ಸರಿ, ಅದು ತಿರುಗತೊಡಗಿದಾಗ ಕೆಡುಕು ಊರಿಗೇ ಹಬ್ಬುತ್ತದೆ. ಒಬ್ಬರ ಮನೆಯ ಗೌರಿಗೆ ಬಂದದ್ದು ಇನ್ನೊಬ್ಬರ ಮನೆಯ ಸೀಮಂತಕ್ಕೆ, ಅಲ್ಲಿಂದ ಮತ್ತೊಬ್ಬರ ಗೃಹಪ್ರವೇಶಕ್ಕೆ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಪ್ರತಿ ಸಲ ಹೊಸದು, ಖಣ ಮಾತ್ರ ಅದೇ. ಪಡೆದವಳು ಹೊಲಿಸುವುದಿಲ್ಲ ಎಂದು ಕೊಡುವವಳಿಗೆ ಗೊತ್ತು. ಹಾಗಾದ ಮೇಲೆ ಒಳ್ಳೆಯದನ್ನು ಏಕೆ ಕೊಳ್ಳಬೇಕು? ಅಂಗಡಿಯವನಿಗೆ "ಕೊಡಾಕ ಬೇಕ್ರಿ, ಸೋವಿ ಇರೋದು ತೋರಸ್ರಿ" ಎಂದರೆ ಸಾಕು, ಅವನು ಬೇರೆಯದೇ ಕಟ್ಟು ತೆಗೆಯುತ್ತಾನೆ. ಆ ಕಟ್ಟಿನಲ್ಲಿರುವುದು ಹೊಲಿದರೆ ಒಂದು ತೋಳಿಗೆ ಸಾಲದಷ್ಟು ಗಿಡ್ಡ, ಒಂದು ಒಗೆತಕ್ಕೆ ಬಣ್ಣ ಬಿಡುವಷ್ಟು ಹಗುರ. ಅದನ್ನು ಯಾರೂ ಹೊಲಿಯುವುದಿಲ್ಲ ಎಂದು ತಿಳಿದೇ ತಯಾರಿಸಿದ ಬಟ್ಟೆ ಅದು. ಬೆಂಗಳೂರು, ಮೈಸೂರು ಕಡೆಯ ರವಿಕೆ ಕಣದ ಕಥೆಯೂ ಇದೇ. ಹೀಗೆ, ಹೊಲಿಯದವರ ಊರಿನಲ್ಲಿ ಹೊಲಿಯಲಾಗದ ಬಟ್ಟೆಗೆ ಮಾರುಕಟ್ಟೆ ಬೆಳೆಯಿತು, ರೇಷ್ಮೆ ಮತ್ತು ಹತ್ತಿಯಲ್ಲಿ ನೇಯುತ್ತಿದ್ದವನು ಹಿಂದೆ ಬಿದ್ದ.

ಖಣ ಕೊಂಡು ಹೊಲಿಸಿ ತೊಟ್ಟವಳಿಗೆ ಅದು ಸವೆಯುತ್ತದೆ. ಸವೆದದ್ದರಿಂದ ಮತ್ತೊಂದನ್ನು ಕೊಳ್ಳುತ್ತಾಳೆ. ತೊಟ್ಟು ನೋಡಿದ್ದರಿಂದ ಯಾವುದು ಬಾಳುತ್ತದೆ, ಯಾವುದು ಬಗಲಲ್ಲಿ ಹರಿಯುತ್ತದೆ, ಯಾವ ಕೆಂಪು ಬಿಸಿಲಿಗೆ ನಿಲ್ಲುತ್ತದೆ ಎಂದು ಅವಳಿಗೆ ತಿಳಿಯುತ್ತದೆ. ನೇಕಾರನಿಗೆ ಬೇಕಾದ ಗಿರಾಕಿ ಅವಳು. ಕೈಯಲ್ಲಿ ಹಿಡಿದು "ಎಷ್ಟು ಚಂದ" ಎಂದು ಒಳಗಿಡುವವಳಿಂದ ಅವನಿಗೆ ಒಂದು ಸಲದ ವ್ಯಾಪಾರ, ಮತ್ತೆ ಮೌನ. ಗುಳೇದಗುಡ್ಡದ ಖಣಕ್ಕೆ, ಇಳಕಲ್ ಸೀರೆಗೆ, ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಸಂತೋಷ. ಆ ಮಾನ್ಯತೆ ಬೇರೆಯವರು ಹೆಸರು ಕದಿಯದಂತೆ ತಡೆಯಬಲ್ಲದು, ಮಗ್ಗದ ಮುಂದೆ ಕೂತವನಿಗೆ ನಾಳೆಯ ಬೇಡಿಕೆಯನ್ನು ಅದು ತಂದುಕೊಡಲಾರದು. ಅದು ಬರುವುದು ತೊಟ್ಟು ಹರಿದವರಿಂದ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಚುಕ್ಕಾಣಿ ಹಿಡಿದ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಕೈಕಸುಬು ದಿನಬಳಕೆಯ ಬದುಕಿನೊಳಗೆ ಇರಬೇಕು ಎಂಬ ನಿಲುವಿನವರು. ಅವರ ಹೆಸರಿನಲ್ಲಿ ಕರಕುಶಲವನ್ನು ಹೊಗಳುವ ನಾವು ಅದನ್ನು ಬದುಕಿನಿಂದ ಎತ್ತಿ ಕಪಾಟಿಗೆ ಹಾಕಿದ್ದೇವೆ.

"ಈಗ ಇಂಥದ್ದು ಸಿಗೂದಿಲ್ಲ." ಎತ್ತಿಡುವವರ ಬಲವಾದ ವಾದ ಇದೇ, ಇದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧಳಿಲ್ಲ. ನಿಜ, ಕೆಲವು ಸಿಗುವುದಿಲ್ಲ. ಆ ಕಾಲದ ಕೆಂಪು, ಆ ಕಾಲದ ನುಣುಪು, ಇಳಕಲ್ ಸೀರೆಯ ಗೋಮಿ ದಡಿಯ ಕೆಲವು ಹಳೆಯ ಮಾದರಿ ಮರಳಿ ಬರಲಿಕ್ಕಿಲ್ಲ. ಕತ್ತರಿಸಿದರೆ ಹೋಯಿತು ಎಂಬ ಭಯಕ್ಕೆ ಆಧಾರವಿದೆ. ಆದರೆ ಆ ಭಯ ನಿಜವಾದದ್ದಾದರೆ ಅದಕ್ಕೆ ತಕ್ಕ ಜಾಗ ಬೇರೆ ಇದೆ. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ 1949ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯದಂಥ ಕಡೆ ಬೆಳಕನ್ನು ಅಳೆದು ಬಿಡುತ್ತಾರೆ, ಥಂಡಿಯನ್ನು ಅಳೆಯುತ್ತಾರೆ, ಬಟ್ಟೆಯ ಊರು, ಕಾಲ, ನೇಯ್ಗೆಯನ್ನು ಬರೆದಿಡುತ್ತಾರೆ. ನಿಮ್ಮ ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿ ನಿಜಕ್ಕೂ ಅಪೂರ್ವವಾಗಿದ್ದರೆ ಅದನ್ನು ಅಂಥ ಸಂಗ್ರಹಾಲಯಕ್ಕೆ ತೋರಿಸಿ, ಕೊಡಿ, ಕನಿಷ್ಠ ಚೆನ್ನಾಗಿ ಫೋಟೊ ತೆಗೆಸಿ ವಿವರ ಬರೆದಿಡಿ. ನಿಮ್ಮ ಟ್ರಂಕು ಸಂಗ್ರಹಾಲಯವಲ್ಲ. ಅಲ್ಲಿ ಯಾರೂ ಬಂದು ನೋಡುವುದಿಲ್ಲ, ಯಾರೂ ಕಲಿಯುವುದಿಲ್ಲ, ಯಾವುದು ಎಲ್ಲಿಂದ ಬಂತೆಂದು ಬಲ್ಲ ಒಬ್ಬರೇ ಒಬ್ಬರು ತೀರಿಕೊಂಡ ದಿನ ಅದರ ಕಥೆಯೂ ಹೋಗುತ್ತದೆ.

ಸಂಗ್ರಹಾಲಯದಲ್ಲೇ ಬಾಳು ಕಳೆದವರೂ ಇದನ್ನು ಬೇರೆ ರೀತಿಯಲ್ಲಿ ಹೇಳಿದ್ದಾರೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದ ಆನಂದ ಕುಮಾರಸ್ವಾಮಿಯವರು ಕಲಾಕೃತಿಗಳನ್ನು ಪ್ರದರ್ಶನಕ್ಕಿಡುವುದಾದರೂ ಏಕೆ ಎಂದು ಕೇಳುವ ಪುಸ್ತಕವನ್ನು 1943ರಲ್ಲಿ ಪ್ರಕಟಿಸಿದರು. ಗಾಜಿನ ಹಿಂದಿರುವ ಪ್ರತಿ ವಸ್ತುವೂ ಒಂದು ಕಾಲದಲ್ಲಿ ಬಳಕೆಗೆಂದೇ ಹುಟ್ಟಿದ್ದು, ಬದುಕಿರುವ ಕಲಾವಿದರ ಕೆಲಸವನ್ನು ತೂಗುಹಾಕುವುದು ಸಂಗ್ರಹಾಲಯದ ಕೆಲಸವೇ ಅಲ್ಲ ಎಂಬುದು ಅವರ ವಾದ. ಗುಳೇದಗುಡ್ಡದಲ್ಲಿ ನೇಕಾರ ಇನ್ನೂ ಬದುಕಿದ್ದಾನೆ. ಅವನ ಬಟ್ಟೆಗೆ ಈಗಲೇ ಸಮಾಧಿ ಏಕೆ?

ಇನ್ನೊಂದು ಆಕ್ಷೇಪ ಮೆಲುದನಿಯದು, ಬಹುತೇಕ ಹೆಂಗಸರು ಹೇಳುವಂಥದ್ದು: ಕೈ ಇನ್ನೂ ಕುದುರಿಲ್ಲ, ಇಷ್ಟು ಒಳ್ಳೆಯ ರೇಷ್ಮೆಯನ್ನು ಕೆಡಿಸಿಬಿಟ್ಟೇನು. ಇದರಲ್ಲಿ ವಿನಯವಿದೆ, ಹಾಗಾಗಿ ಇದನ್ನು ಎದುರಿಸುವುದು ಹೆಚ್ಚು ಕಷ್ಟ. ಆದರೆ ಕಸೂತಿ ಬಲ್ಲವರು ಒಂದು ಮಾತನ್ನು ಒಪ್ಪಲೇಬೇಕು. ಗವಂತಿ, ಮುರಗಿ, ನೇಗಿ, ಮೆಂತೆ, ಈ ನಾಲ್ಕೂ ಹೊಲಿಗೆ ಎಳೆ ಎಣಿಸಿ ಹಾಕುವಂಥವು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಹಾಸು ಹೊಕ್ಕಿನ ಲೆಕ್ಕದಿಂದ ಏಳುತ್ತವೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಎರಡೂ ಬದಿ ಒಂದೇ ಆಗಬೇಕು. ಈ ಕೆಲಸವನ್ನು ಕಲಿಯುವವಳಿಗೆ ನಾವು ಕೊಡುವುದೇನು? ಎಳೆ ಕಾಣದ ದಟ್ಟ ಮಿಲ್ಲಿನ ಬಟ್ಟೆ ಅಥವಾ ಜಾರುವ ಪಾಲಿಯೆಸ್ಟರ್ ತುಂಡು, ಬಣ್ಣ ಬಿಡುವ ಅಗ್ಗದ ದಾರ. ಒಳ್ಳೆಯದು ಆಮೇಲೆ ಎನ್ನುತ್ತೇವೆ. ಎಣಿಸಲಾಗದ ಬಟ್ಟೆಯ ಮೇಲೆ ಎಣಿಕೆಯ ಹೊಲಿಗೆ ಬರುವುದಿಲ್ಲ, ಅವಳು ತನಗೆ ಬರುವುದಿಲ್ಲವೆಂದು ತಿಳಿದು ಬಿಟ್ಟುಬಿಡುತ್ತಾಳೆ. ಕೆಟ್ಟ ಸಾಮಾನಿನಿಂದ ಸೋತವಳು ತನ್ನ ಕೈಯನ್ನೇ ದೂರುತ್ತಾಳೆ. ಇದು ನನ್ನನ್ನು ಬಹಳ ನೋಯಿಸುವ ಅನ್ಯಾಯ.

ಅಷ್ಟರಲ್ಲಿ ಕಣ್ಣು ಕಾಯುವುದಿಲ್ಲ. ನಲವತ್ತು ದಾಟುತ್ತಿದ್ದಂತೆ ಹತ್ತಿರದ ನೋಟ ಮಂದವಾಗುವುದು ಎಲ್ಲರ ಕಣ್ಣಿನ ಧರ್ಮ. ಕಪ್ಪು ಸೀರೆಯ ಮೇಲೆ ಎಳೆ ಎಣಿಸುವುದು ಎಳೆಯ ಕಣ್ಣಿಗೇ ಕಷ್ಟ. ಮಕ್ಕಳು ದೊಡ್ಡವರಾಗಲಿ, ಕೆಲಸದಿಂದ ನಿವೃತ್ತಿಯಾಗಲಿ, ಆಗ ನಿಧಾನವಾಗಿ ಕೂತು ಹಾಕುತ್ತೇನೆ ಎಂದು ಲಡಿಗಳನ್ನು ಎತ್ತಿಟ್ಟವರು ಆ ದಿನ ಬಂದಾಗ ಚಾಳೀಸು, ನಡುಗುವ ಬೆರಳು, ಕೂತರೆ ಏಳಲಾರದ ಬೆನ್ನಿನ ಜೊತೆ ಟ್ರಂಕಿನ ಮುಂದೆ ಬರುತ್ತಾರೆ. ಸಾಮಾನು ಉಳಿಯಿತು ಎಂದೇ ಇಟ್ಟುಕೊಳ್ಳೋಣ, ಹೊಲಿಯುವ ಮೈ ಉಳಿಯಲಿಲ್ಲ. ದಾರವನ್ನು ಕೂಡಿಡಬಹುದು. ಆ ಎಣಿಕೆಯ ಕಣ್ಣನ್ನು ಕೂಡಿಡುವ ಪೆಟ್ಟಿಗೆ ಇಲ್ಲ.

ನಡುವೆ ದಾರ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲವಲ್ಲ ಎಂಬ ಚಿಂತೆಯೂ ಕೆಲವರದು. ಬೇರೆ ಬೇರೆ ಸಲ ಅದ್ದಿದ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ, ಸರಿ. ಹೊಂದದಿದ್ದರೇನು? ಬೇರೆ ಬಣ್ಣಕ್ಕೆ ಹೋಗಿ.

ಹೊಂದದ ಬಣ್ಣಗಳಿಂದ ಏನಾಗಬಲ್ಲದು ಎಂಬುದಕ್ಕೆ ನಮ್ಮ ಕೌದಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಳೆಯ ಸೀರೆ, ಅಂಗಿ, ಲಂಗ, ಚಾದರದ ತುಂಡುಗಳನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ಅಂಚಿಗೆ ಓಟದ ಹೊಲಿಗೆ ಹಾಕಿದರೆ ಕೌದಿ. ಅದಕ್ಕೆ ಸಾಮಾನು ಕೊಂಡವರಿಲ್ಲ. ಮನೆಯಲ್ಲಿ ಏನಿತ್ತೋ ಅದೇ ಅದರ ಬಣ್ಣ. ಮನೆ ಬಾಗಿಲಿಗೆ ಬಂದು ಪಡಸಾಲೆಯಲ್ಲಿ ಕೂತು ಕೌದಿ ಹೊಲಿದುಕೊಡುವ ಹೆಂಗಸರಿಗೆ ಗಂಟು ಬಿಚ್ಚಿ ಕೊಟ್ಟರೆ ಅವರು ಒಂದು ಸಲ ಎಲ್ಲವನ್ನೂ ಹರಡಿ ನೋಡಿ ಯಾವುದು ಒಳಪದರಕ್ಕೆ, ಯಾವುದು ಮೇಲಕ್ಕೆ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ಹಿಂಜರಿಕೆಯೇ ಇರುವುದಿಲ್ಲ. ಅದನ್ನು ನೋಡುವುದೇ ನನಗೆ ಒಂದು ಪಾಠ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು, ಅವರು ಕವಂದಿ ಎನ್ನುವುದನ್ನು, ನೋಡಿ. ಆಫ್ರಿಕಾದಿಂದ ಬಂದವರ ವಂಶದ ಈ ಜನರಲ್ಲಿ ಬಹುಪಾಲು ಬಡವರು, ಕಾಡಿನ ಅಂಚಿನಲ್ಲಿ ಕೂಲಿ ಮಾಡಿ ಬದುಕಿದವರು. ಅವರ ಹತ್ತಿರ ಎತ್ತಿಟ್ಟ ಸಾಮಾನಿನ ಟ್ರಂಕು ಎಲ್ಲಿಂದ ಬರಬೇಕು? ಹರಿದ ಬಟ್ಟೆಯೇ ಬಂಡವಾಳ. ಅವರು ಒಂದು ಮೂಲೆಯಿಂದ ತೊಡಗಿ ಅಂಚಿನ ಸುತ್ತ ಹೊಲಿಯುತ್ತಾ ಒಳಒಳಗೆ ಸರಿದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಕೂಡಿಸಿ ಹೂ ಇಡುತ್ತಾರೆ, ಅದನ್ನು ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಚಳಿಗೆ ಆ ಹೂವಿನಿಂದ ಯಾವ ಉಪಯೋಗವೂ ಇಲ್ಲ. ಕೊನೆಯ ತುಂಡನ್ನೂ ಚಳಿಗೆ ಬಳಸಬೇಕಾದ ಮನೆಯಲ್ಲಿ ಕೆಲವು ತುಂಡುಗಳನ್ನು ಬರೀ ಚಂದಕ್ಕೆಂದು ಖರ್ಚು ಮಾಡುವ ಧೈರ್ಯ ಅವರಿಗಿದೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಬರಹ ಮತ್ತು ಪ್ರದರ್ಶನಗಳಿಂದ ಈ ಕವಂದಿಗಳು ಹೊರದೇಶದವರ ಕಣ್ಣಿಗೂ ಬಿದ್ದವು. ನಮ್ಮ ನಾಡಿನ ಅತ್ಯಂತ ಧೀರ ಬಣ್ಣಗಾರಿಕೆ ಹುಟ್ಟಿದ್ದು ಏನನ್ನೂ ಎತ್ತಿಡಲಾಗದವರ ಕೈಯಲ್ಲಿ, ಎಲ್ಲವನ್ನೂ ಎತ್ತಿಟ್ಟವರ ಕೈಯಲ್ಲಿ ಅಲ್ಲ. ಬಂಗಾಳದ ಹೆಂಗಸರೂ ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿಕೊಂಡು ಕಾಂತಾ ಹೊಲಿದರು. ದಡಿಯನ್ನು ಸುರುಳಿ ಸುತ್ತಿ ಇಟ್ಟಿದ್ದರೆ ಆ ಕಾಂತಾಗಳೇ ಇರುತ್ತಿರಲಿಲ್ಲ.

ಈಚೆಗೆ ಎತ್ತಿಡುವುದಕ್ಕೆ ವಿರುದ್ಧವಾಗಿ ಇನ್ನೊಂದು ಉಪದೇಶ ಪೇಟೆಗೆ ಬಂದಿದೆ: ವರ್ಷದಿಂದ ಮುಟ್ಟದ್ದನ್ನು ತೆಗೆದುಹಾಕಿ, ಮನೆ ಹಗುರವಾಗುತ್ತದೆ, ಮನಸ್ಸೂ ಹಗುರವಾಗುತ್ತದೆ. ನನಗೆ ಇದೂ ಬೇಡ. ಬೋರೆ ಕಟ್ಟಿ ಹೊರಗಿಟ್ಟ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ಕೇಳುವವರಿಲ್ಲ. ಸ್ವಲ್ಪ ಪಾಣಿಪತ್ತದಂಥ ಕಡೆ ಹರಿದು ಮತ್ತೆ ನೂಲಾದೀತು, ಉಳಿದದ್ದು ಕಸದ ಗುಡ್ಡ ಸೇರುತ್ತದೆ. ಖಾಲಿಯಾದ ಖಾನೆ ಮುಂದಿನ ಪ್ರದರ್ಶನ ಮಾರಾಟದಲ್ಲಿ ಮತ್ತೆ ತುಂಬುತ್ತದೆ. ಕೊಳ್ಳುವುದಕ್ಕೂ ಬಿಸಾಡುವುದಕ್ಕೂ ಕೈಯ ಕೆಲಸ ಬೇಕಿಲ್ಲ, ಅದಕ್ಕೇ ಎರಡೂ ಸುಲಭ. ದಾರ ಕೊಂಡ ಸಂಜೆಗೆ ಹೊಲಿದಷ್ಟೇ ತೃಪ್ತಿ ಸಿಗುತ್ತದೆ ಎಂಬುದನ್ನು ಮಾರುವವರು ಚೆನ್ನಾಗಿ ಬಲ್ಲರು.

ಖರ್ಚು ಮಾಡುವುದೆಂದರೆ ಕಣ್ಣುಮುಚ್ಚಿ ಕತ್ತರಿಸುವುದೆಂದು ಯಾರೂ ತಿಳಿಯಬೇಕಿಲ್ಲ. ಟ್ರಂಕನ್ನು ಒಣ ದಿನದಲ್ಲಿ ತೆರೆಯಿರಿ. ಎಲ್ಲವನ್ನೂ ನೆರಳಿನ ಗಾಳಿಗೆ ಹರಡಿ, ರೇಷ್ಮೆಯನ್ನು ಬಿಸಿಲಿಗೆ ಹಾಕಬೇಡಿ. ಡಾಂಬರಿನ ವಾಸನೆ ಹೋಗುವತನಕ ಒಳಗೆ ತರಬೇಡಿ. ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಮಡಿಕೆಯಲ್ಲಿ ಸೀಳಿದ ಖಣಕ್ಕೆ ಕುಪ್ಪಸ ಆಗದು, ಸೀಳಿನ ಎರಡೂ ಕಡೆಯ ಗಟ್ಟಿ ಭಾಗದಲ್ಲಿ ಕುಂಚಿಗೆಯೋ ಸಂಚಿಯೋ ಆಗುತ್ತದೆ. ಕಪ್ಪಾದ ಜರಿ ದಡಿಯನ್ನು ತಿಕ್ಕಿ ಹೊಳೆಯಿಸಲು ಹೋಗಬೇಡಿ, ಆ ಕಪ್ಪಿನಲ್ಲೂ ಒಂದು ಗಾಂಭೀರ್ಯವಿದೆ, ಹಾಗೆಯೇ ಹತ್ತಿಯ ಮೇಲೆ ಕೂಡಿಸಿ. ಜಗ್ಗಿದರೆ ಹರಿಯುವ ದಾರವನ್ನು ಹೊಲಿಗೆಗೆ ಹಿಡಿಯಬೇಡಿ, ಗೊಂಡೆಗೆ ಸಾಕು. ಎಲ್ಲಕ್ಕಿಂತ ಒಳ್ಳೆಯ ಖಣವನ್ನು ಮೊದಲು ಹೊಲಿಸಿ, ಕೊನೆಗೆಂದು ಉಳಿಸಿಕೊಂಡರೆ ಅದು ಮತ್ತೆ ಒಳಗೆ ಹೋಗುತ್ತದೆ.

ನಿಮ್ಮ ಕೈಯಲ್ಲಿ ಆಗದೆಂದರೆ ಆಗುವವರ ಕೈಗೆ ಕೊಡಿ, ಆದರೆ ನಿಮ್ಮಲ್ಲಿರುವ ಉತ್ತಮವಾದದ್ದನ್ನೇ ಕೊಡಿ. ಧಾರವಾಡ, ಹುಬ್ಬಳ್ಳಿಯ ಓಣಿಗಳಲ್ಲಿ ಮನೆಯಲ್ಲೇ ಕಸೂತಿ ಹೇಳಿಕೊಡುವ ಹೆಂಗಸರು ಇಂದಿಗೂ ಇದ್ದಾರೆ. ಶಾಲೆ ಮುಗಿಸಿ ಬಂದ ಹುಡುಗಿಯರು ಅವರ ಮುಂದೆ ಕೂತು ಮಿಲ್ಲಿನ ಬಟ್ಟೆಯ ಮೇಲೆ ಎಳೆ ಹುಡುಕುತ್ತಿದ್ದಾರೆ. ಎಳೆ ಎಳೆಯಾಗಿ ಕಾಣುವ ನಿಮ್ಮ ಹಳೆಯ ಕೈಮಗ್ಗದ ಸೀರೆಯ ಒಡಲು, ಬಲ ಕುಂದದ ರೇಷ್ಮೆಯ ಲಡಿಗಳು, ಹಿತ್ತಾಳೆಯ ಡಬ್ಬಿಯ ಸಣ್ಣ ಸೂಜಿಗಳು ಅಲ್ಲಿಗೆ ಹೋಗಲಿ. ಕೊಡುವಾಗ "ಜ್ವಾಕಿಲೆ ಇಟ್ಕೊ" ಎನ್ನಬೇಡಿ. ಈ ಸೀರೆಯಲ್ಲಿ ಮೊದಲ ಗವಂತಿ ಹಾಕು, ತಪ್ಪಿದರೆ ಬಿಚ್ಚು, ಮತ್ತೆ ಹಾಕು, ಮುಗಿದರೆ ಬಾ, ಇನ್ನೂ ಒಂದಿದೆ ಎಂದು ಹೇಳಿ ಕೊಡಿ.